ಡಬ್ಬಿ ಖಾಲಿ ಯಾಕೆ? ಪಂಪ್‌ಸೆಟ್ ಮಾರುವವರಿಂದ ಪ್ರಸಂಗ ಮಾಡುವವರು ಕಲಿಯಬಹುದಾದದ್ದು

ನನ್ನ ಹೊಟ್ಟೆಪಾಡು ಕೃಷಿ ಪಂಪ್‌ಸೆಟ್ ಮಾರುವುದು. ತಿಂಗಳಿಗೊಂದು ಭಾನುವಾರ ನಮ್ಮ ಚರ್ಚಿನ ಕನ್ನಡ ಸಭೆಯಲ್ಲಿ ಪ್ರಸಂಗ, ಅಂದರೆ ಸತ್ಯವೇದದ (ಬೈಬಲ್‌ನ) ಮೇಲಿನ ಬೋಧನೆ, ಮಾಡುವ ಸರದಿಯೂ ನನ್ನದು. ಇವೆರಡಕ್ಕೂ ಸಂಬಂಧವೇ ಇಲ್ಲ ಅಂದುಕೊಂಡು ಬಹಳ ಕಾಲ ಕಳೆದೆ. ಕಂಪನಿಯ ಮೀಟಿಂಗ್ ಇದ್ದರೆ ಎರಡು ವಾರದ ತಯಾರಿ. ಪ್ರಸಂಗಕ್ಕೆ ಶನಿವಾರ ರಾತ್ರಿ ಊಟ ಆದಮೇಲಿನ ಎರಡು ತಾಸು.

ಕಣ್ಣು ತೆರೆಸಿದ್ದು ದಾವಣಗೆರೆಯಲ್ಲಿ ನಡೆದ ಒಂದು ಡೀಲರ್ ಮೀಟ್. ಊಟ ಮುಗಿದಿತ್ತು, ಬೆಣ್ಣೆದೋಸೆ ಊರಿನ ಊಟ ಬೇರೆ, ಅರ್ಧ ಹಾಲ್ ತೂಕಡಿಸುತ್ತಿತ್ತು. ನಮ್ಮ ಎಂಜಿನಿಯರ್ ನಲವತ್ತು ನಿಮಿಷ ಮಾತಾಡಿದರು. ಇಂಪೆಲ್ಲರ್, ಹೆಡ್, ಡಿಸ್ಚಾರ್ಜ್, ಎಲ್ಲವೂ ಸರಿಯಾಗಿತ್ತು, ಒಂದು ಅಂಕಿಯೂ ತಪ್ಪಿರಲಿಲ್ಲ. ಆಮೇಲೆ ನಮ್ಮ ಹಿರಿಯ ಮ್ಯಾನೇಜರ್ ಎದ್ದರು. ಮೈಕ್ ಹತ್ತಿರ ಬಂದು ಸ್ವಲ್ಪ ಹೊತ್ತು ಸುಮ್ಮನೆ ನಿಂತರು. "ನಿನ್ನೆ ರಾತ್ರಿ ನಿಮ್ಮೂರಲ್ಲಿ ತ್ರೀ ಫೇಸ್ ಎಷ್ಟೊತ್ತಿಗೆ ಬಂತು?" ಅಂದರು, ಪಂಪ್ ಓಡಿಸುವ ಕರೆಂಟು ಅದು. ಹಿಂದಿನಿಂದ ಯಾರೋ "ಒಂದೂವರೆಗೆ, ಸಾರ್" ಅಂದರು. "ಎದ್ದು ಹೋಗಿ ಮೋಟ್ರು ಹಾಕಿದ್ದು ಯಾರು?" ಯಾರೂ ಮಾತಾಡಲಿಲ್ಲ. ಕತ್ತಲಲ್ಲಿ ಬದುವಿನ ಮೇಲೆ ನಡೆದುಹೋಗುವ ಭಯ ಆ ಹಾಲ್‌ನಲ್ಲಿದ್ದ ಅಷ್ಟೂ ಜನಕ್ಕೆ ಗೊತ್ತು. ಅಂಗಡಿ ಇಟ್ಟಿದ್ದರೂ ಎಲ್ಲರೂ ಹೊಲ ಇದ್ದವರೇ. "ಇನ್ಮೇಲೆ ಅವನು ಏಳಬೇಕಾಗಿಲ್ಲ" ಅಂದು, ಮೊಬೈಲ್‌ನಿಂದ ಮೋಟ್ರು ಚಾಲೂ ಮಾಡುವ ಸ್ಟಾರ್ಟರ್ ಡಬ್ಬವನ್ನು ಮೇಜಿನ ಮೇಲೆ ಇಟ್ಟರು. ಒಟ್ಟು ಹನ್ನೆರಡು ನಿಮಿಷ.

ವಾಪಸ್ ಬರುವ ಬಸ್ಸಿನಲ್ಲಿ ನನಗೆ ನಿದ್ದೆ ಬರಲಿಲ್ಲ. ಹಿಂದಿನ ಭಾನುವಾರ ಪ್ರಸಂಗಪೀಠದಲ್ಲಿ ನಿಂತು ನಾನು ಮಾಡಿದ್ದು ಆ ಎಂಜಿನಿಯರ್ ಮಾಡಿದ್ದನ್ನೇ.

ಈ ಬರಹ ನನ್ನಂಥ ಪ್ರಸಂಗಿಗಳಿಗೆ, ಉಪದೇಶಿಗಳಿಗೆ, ಸೆಮಿನರಿಯಿಂದ ಆಗತಾನೆ ಹೊರಬಂದ ಕಿರಿಯ ಸಭಾಪಾಲಕರಿಗೆ. ಬೇರೆ ಧರ್ಮದ ಪ್ರವಚನಕಾರರಿಗೂ ಕೆಲವು ಮಾತು ಹೊಂದಬಹುದು. ಉದ್ದಕ್ಕೂ ಸತ್ಯವೇದದ ಒಂದೇ ವಾಕ್ಯಭಾಗವನ್ನು ಇಟ್ಟುಕೊಳ್ಳುತ್ತೇನೆ: ಮತ್ತಾಯ 20ನೇ ಅಧ್ಯಾಯ, ಯೇಸು ಹೇಳಿದ ದ್ರಾಕ್ಷೇತೋಟದ ಕೂಲಿಯಾಳುಗಳ ಸಾಮ್ಯ, ಅಂದರೆ ನೀತಿಕತೆ. ಯಜಮಾನ ಬೆಳಗ್ಗೆ, ಒಂಬತ್ತಕ್ಕೆ, ಮಧ್ಯಾಹ್ನ, ಮೂರಕ್ಕೆ, ಕೊನೆಗೆ ಸಂಜೆ ಐದಕ್ಕೆ ಆಳುಗಳನ್ನು ಕರೆಯುತ್ತಾನೆ. ಸಂಜೆ ಎಲ್ಲರಿಗೂ ಒಂದೇ ಕೂಲಿ ಕೊಡುತ್ತಾನೆ.

ಸೋಮವಾರ: ಯಾರು ಕೂತಿರುತ್ತಾರೆ?

ಒಳ್ಳೆಯ ಸೇಲ್ಸ್‌ನವರು ಸಾಮಾನಿನ ಬಗ್ಗೆ ಯೋಚಿಸುವ ಮೊದಲು, ಮೀಟಿಂಗಿಗೆ ಯಾರು ಬರುತ್ತಾರೆ ಅಂತ ವಿಚಾರಿಸುತ್ತಾರೆ. ನೀವೂ ಒಂದು ಹಾಳೆ ತಗೊಂಡು ಮೂರು ಜನರನ್ನು ಬರೆಯಿರಿ. ಹೆಸರು ಬೇಡ, ಹಾಳೆ ಕಳೆದುಹೋದರೆ ಫಜೀತಿ. ನನ್ನ ಹಾಳೆಯಲ್ಲಿ ಇದ್ದವರು: ವಾರಕ್ಕೆ ಆರು ದಿನ ಗಾರ್ಮೆಂಟ್ಸ್‌ನಲ್ಲಿ ಹೊಲಿದು ಬರುವ ಒಬ್ಬ ಅಕ್ಕ, ನಲವತ್ತು ವರ್ಷದಿಂದ ಸಭೆಗೆ ದುಡಿದ, ಪೆನ್ಷನ್ ತಗೊಳ್ಳುವ ಮೇಷ್ಟ್ರು, ಮೊಬೈಲ್‌ನಲ್ಲಿ ಸತ್ಯವೇದ ತೆರೆದವನ ಹಾಗೆ ಮಾಡಿ ಕ್ರಿಕೆಟ್ ಸ್ಕೋರ್ ನೋಡುವ ಪಿಯುಸಿ ಹುಡುಗ.

ಈಗ ವಾಕ್ಯಭಾಗವನ್ನು ಅವರ ಕಿವಿಯಿಂದ ಓದಿ. ಪ್ರತಿಯೊಬ್ಬರ ಮನಸ್ಸಿನಲ್ಲಿ ಏಳುವ ತಕರಾರು ಯಾವುದು? ಅಕ್ಕನದು: "ಬೆಳಗ್ಗೆಯಿಂದ ಬಿಸಿಲಲ್ಲಿ ದುಡಿದವರಿಗೆ ಇದು ಅನ್ಯಾಯ." ಮೇಷ್ಟ್ರದು: "ನಿನ್ನೆ ಮೊನ್ನೆ ಬಂದವರೂ ಕಮಿಟಿಗೆ, ನಾವೂ ಕಮಿಟಿಗೆ." ಹುಡುಗನದು: "ವರ್ಷವೆಲ್ಲ ಓದಿದವನಿಗೂ ಹಿಂದಿನ ರಾತ್ರಿ ಓದಿದವನಿಗೂ ಒಂದೇ ಮಾರ್ಕ್ಸಾ?"

ಸೇಲ್ಸ್‌ನಲ್ಲಿ ಇದಕ್ಕೆ ಅಬ್ಜೆಕ್ಷನ್ ಅನ್ನುತ್ತೇವೆ, ಅದು ಬಂದರೆ ಖುಷಿಪಡುತ್ತೇವೆ. ತಕರಾರು ತೆಗೆಯುವ ಗಿರಾಕಿ ಕೇಳಿಸಿಕೊಳ್ಳುತ್ತಿದ್ದಾನೆ ಅಂತ ಅರ್ಥ. ಪ್ರಸಂಗದಲ್ಲಿ ನಾವು ಅದನ್ನು ನೋಡಿಯೂ ನೋಡದ ಹಾಗೆ ದಾಟಿಬಿಡುತ್ತೇವೆ. ಕೇಳುವವರು ದಾಟುವುದಿಲ್ಲ. ಮೂರನೇ ನಿಮಿಷದಲ್ಲಿ "ಇದು ಅನ್ಯಾಯ" ಎನ್ನುವಲ್ಲಿ ಸಿಕ್ಕಿಕೊಂಡ ಅಕ್ಕ ಕೊನೆಯ ಪ್ರಾರ್ಥನೆಯವರೆಗೂ ಅಲ್ಲೇ ಇರುತ್ತಾಳೆ. ಅವಳ ತಕರಾರನ್ನು ನೀವೇ ಬಾಯಿಬಿಟ್ಟು, ಅವಳು ಹೇಳುವುದಕ್ಕಿಂತ ಚೆನ್ನಾಗಿ ಹೇಳಿ. ಅದಕ್ಕೆ ಆಧಾರ ವಾಕ್ಯಭಾಗದಲ್ಲೇ ಇದೆ. ಬೆಳಗ್ಗೆಯಿಂದ ದುಡಿದವರು ಯಜಮಾನನ ಎದುರು ಗೊಣಗುವುದನ್ನು ಯೇಸು ಕತೆಯಿಂದ ಬಿಟ್ಟಿಲ್ಲ.

ಮಂಗಳವಾರ: ಒಂದೇ ಒಂದು ವಾಕ್ಯ

2001ರ ಅಕ್ಟೋಬರ್‌ನಲ್ಲಿ ಆಪಲ್ ಕಂಪನಿಯ ಸ್ಟೀವ್ ಜಾಬ್ಸ್ ಹಾಡು ಕೇಳುವ ಸಾಧನವಾದ ಮೊದಲ ಐಪಾಡ್ ತೋರಿಸಿದಾಗ ಅದರೊಳಗೆ 5 ಗಿಗಾಬೈಟ್‌ನ ಡಿಸ್ಕ್ ಇತ್ತು. ಜನಕ್ಕೆ ನೆನಪುಳಿದಿದ್ದು ಸಾವಿರ ಹಾಡು ನಿಮ್ಮ ಜೇಬಿನಲ್ಲಿ ಎಂಬ ಮಾತು. ಗಿಗಾಬೈಟ್ ಯಂತ್ರದ ಲೆಕ್ಕ, ಹಾಡು ಕೇಳುವವನ ಲೆಕ್ಕ.

ನಮ್ಮಲ್ಲಿ "ಇವತ್ತಿನ ವಿಷಯ ದೇವರ ಕೃಪೆ" ಅನ್ನುವುದು ರೂಢಿ. ಅದು ಬರೀ ತಲೆಬರಹ, ಅದರಲ್ಲಿ ಕ್ರಿಯಾಪದವೇ ಇಲ್ಲ. ದೇವರ ಕೃಪೆ ಏನು ಮಾಡಿತು, ಯಾರಿಗೆ ಮಾಡಿತು, ಯಾವಾಗ? ಅದನ್ನು ಹೇಳುವವರೆಗೂ ಪ್ರಸಂಗ ಶುರುವಾಗಿಲ್ಲ.

ಈ ಸಾಮ್ಯಕ್ಕೆ ನಾನು ಬರೆದು ಹೊಡೆದುಹಾಕಿದ ಸಾಲುಗಳನ್ನೇ ಕೊಡುತ್ತೇನೆ. ಮೊದಲನೆಯದು: "ದೇವರ ಸಾರ್ವಭೌಮ ಕೃಪೆ." ತಲೆಬರಹ, ಬೇಡ. ಎರಡನೆಯದು: "ದೇವರು ಎಲ್ಲರನ್ನೂ ಸಮಾನವಾಗಿ ಪ್ರೀತಿಸುತ್ತಾನೆ." ಕ್ರಿಯಾಪದ ಇದೆ. ಆದರೆ ಇದಕ್ಕೆ ಯಾರೂ ಇಲ್ಲ ಅನ್ನುವುದಿಲ್ಲ, ಮತ್ತು ಇದನ್ನು ಹೇಳಲು ದ್ರಾಕ್ಷೇತೋಟವೇ ಬೇಕಿಲ್ಲ, ಸತ್ಯವೇದದ ಯಾವ ಪುಟ ತೆರೆದರೂ ಸಾಕು. ಎರಡು ದಿನ ಅಲ್ಲೇ ಕೂತೆ. ಆಮೇಲೆ ಏಳನೇ ವಚನ ಕಣ್ಣಿಗೆ ಬಿತ್ತು. ಯಾಕೆ ದಿನವೆಲ್ಲ ಸುಮ್ಮನೆ ನಿಂತಿದ್ದೀರಿ ಎಂದು ಯಜಮಾನ ಕೇಳಿದರೆ, ಯಾರೂ ನಮ್ಮನ್ನು ಕೂಲಿಗೆ ಕರೆಯಲಿಲ್ಲ ಅನ್ನುತ್ತಾರೆ. ಅವರು ಸೋಮಾರಿಗಳಲ್ಲ. ನಮ್ಮೂರ ಸರ್ಕಲ್‌ಗಳಲ್ಲಿ ಬೆಳಗ್ಗೆ ಆರಕ್ಕೆ ಸನಿಕೆ, ಬಾಂಡ್ಲಿ, ಬುತ್ತಿ ಹಿಡಿದು ಮೇಸ್ತ್ರಿಗಾಗಿ ಕಾಯುವವರನ್ನು ನೋಡಿದ್ದೀರಲ್ಲ? ಹತ್ತು ಗಂಟೆ ಮೇಲೂ ಅಲ್ಲಿ ಉಳಿದವರು ಯಾರು ಅಂತ ಒಮ್ಮೆ ಗಮನಿಸಿ. ವಯಸ್ಸಾದವರು, ಕುಂಟುವವರು, ಕೆಮ್ಮುವವರು. ಯಜಮಾನ ಕೊಟ್ಟ ನಾಣ್ಯ ಆಗಿನ ಕಾಲಕ್ಕೆ ಒಬ್ಬ ಆಳಿನ ಒಂದು ದಿನದ ಕೂಲಿ. ಅದಕ್ಕಿಂತ ಕಡಿಮೆ ಕೊಟ್ಟರೆ ಮನೆಯಲ್ಲಿ ಹಿಟ್ಟಿಲ್ಲ.

ಹಾಗೆ ಸಿಕ್ಕ ಮೂರನೇ ಸಾಲು: "ಸಂಜೆ ಐದಕ್ಕೆ ಕೆಲಸ ಸಿಕ್ಕವನ ಮನೆಯಲ್ಲೂ ಒಲೆ ಉರಿಯಬೇಕು, ದೇವರು ಕೂಲಿ ಲೆಕ್ಕ ಹಾಕುವುದು ಅಲ್ಲಿಂದ."

ಸಾಲು ಸಿಕ್ಕಿತು ಅನ್ನಿಸಿದ ಮೇಲೆ ಮೂರು ಕಡೆ ತಟ್ಟಿ ನೋಡಿ. ಇದನ್ನು ಯಾರಾದರೂ ಒಪ್ಪದೆ ಇರಬಹುದೇ? ಸಂಡೇ ಸ್ಕೂಲ್ ಮಗು ಮಧ್ಯಾಹ್ನದ ಊಟಕ್ಕೆ ಕೂತಾಗ ಅಪ್ಪನಿಗೆ ಹೇಳಬಲ್ಲದೇ? ಮೂರನೆಯದು ಸೇಲ್ಸ್‌ನವರಿಗೆ ಇಲ್ಲದ ಕಷ್ಟ: ಇದು ವಾಕ್ಯಭಾಗದಿಂದಲೇ ಹುಟ್ಟಿದೆಯೋ, ಅಥವಾ ನನಗೆ ಹೇಳಬೇಕೆನಿಸಿದ್ದನ್ನು ಅದರ ಬಾಯಿಗೆ ತುರುಕಿದ್ದೇನೋ? ಮೂರನೆಯದರಲ್ಲಿ ಬಿದ್ದರೆ ಸಾಲು ಎಷ್ಟೇ ಚಂದವಿದ್ದರೂ ಹರಿದುಹಾಕಿ.

ಬುಧವಾರ: ಉತ್ತರ ಮೊದಲೋ, ಕೊನೆಗೋ?

ಆಫೀಸಿನ ಮಾತುಗಾರಿಕೆಯಲ್ಲಿ ಉತ್ತರ ಮೊದಲು, ಕಾರಣ ಆಮೇಲೆ. ಈ ಕ್ರಮವನ್ನು ಶಾಸ್ತ್ರದ ಹಾಗೆ ಕಟ್ಟಿಕೊಟ್ಟವರು 1963ರಲ್ಲಿ ಮೆಕಿನ್ಸಿ ಎಂಬ ಸಲಹಾ ಕಂಪನಿ ಸೇರಿದ ಬಾರ್ಬರಾ ಮಿಂಟೊ. ಮೇಲಧಿಕಾರಿಗೆ ಪುರುಸೊತ್ತಿಲ್ಲ, ನಿರ್ಧಾರ ಏನೆಂದು ಮೊದಲು ಹೇಳು, ಕೇಳಿದರೆ ಕಾರಣ ಕೊಡು. ಅವರು ಇದನ್ನು ಪಿರಮಿಡ್‌ಗೆ ಹೋಲಿಸಿದರು: ತುದಿ ಮೊದಲು, ಬುಡ ಆಮೇಲೆ.

ಪ್ರಸಂಗಕ್ಕೂ ಇದನ್ನು ಹಾಗೇ ತರಬಹುದು ಅಂತ ನಾನೂ ನಂಬಿದ್ದೆ. ಈಗ ಅರ್ಧ ಮಾತ್ರ ನಂಬುತ್ತೇನೆ.

ಪ್ರವಾದಿ ನಾತಾನನ ಕತೆ ನೆನಪಿಸಿಕೊಳ್ಳಿ, ಸತ್ಯವೇದದ 2 ಸಮುವೇಲ 12. ಅರಸ ದಾವೀದ ತನ್ನ ಸೈನಿಕ ಊರೀಯನ ಹೆಂಡತಿಯನ್ನು ತಗೊಂಡು ಊರೀಯನನ್ನು ಯುದ್ಧದಲ್ಲಿ ಸಾಯಿಸಿದ್ದಾನೆ. ನಾತಾನ ಅರಮನೆಗೆ ಹೋಗಿ "ಅರಸನೇ, ನೀನು ಕೊಲೆಗಾರ" ಎಂದು ತುದಿಯಿಂದ ಶುರುಮಾಡಿದ್ದರೆ ಎರಡನೇ ಸಾಲು ಹೇಳಲು ಅವನ ತಲೆ ಉಳಿಯುತ್ತಿತ್ತೋ ಇಲ್ಲವೋ. ಅವನು ಒಬ್ಬ ಬಡವನ ಒಂದೇ ಒಂದು ಕುರಿಮರಿಯ ಕತೆ ಹೇಳುತ್ತಾನೆ. ಅದು ಬಡವನ ತಟ್ಟೆಯಲ್ಲಿ ಉಣ್ಣುತ್ತಿತ್ತು, ಅವನ ಎದೆಯ ಮೇಲೆ ಮಲಗುತ್ತಿತ್ತು, ಅವನಿಗೆ ಮಗಳ ಹಾಗಿತ್ತು. ಐಶ್ವರ್ಯವಂತ ಅದನ್ನು ಕಿತ್ತುಕೊಂಡು ನೆಂಟನಿಗೆ ಅಡಿಗೆ ಮಾಡಿಸಿದ. ದಾವೀದ ಸಿಟ್ಟಿನಿಂದ ತೀರ್ಪು ಕೊಟ್ಟೇಬಿಡುತ್ತಾನೆ. ಆಮೇಲೆ ಆ ಒಂದು ಮಾತು: ಆ ಮನುಷ್ಯ ನೀನೇ.

ಹೀಗಾಗಿ ನಾನು ಇಟ್ಟುಕೊಂಡ ಲೆಕ್ಕ ಇದು. ಕೇಳುವವರು ನೊಂದಿದ್ದರೆ ಉತ್ತರ ಮೊದಲು. ಸಾವಿನ ಮನೆಯಲ್ಲಿ ನಿರೀಕ್ಷೆಯ ಮಾತು ಮೊದಲ ನಿಮಿಷದಲ್ಲೇ ಬರಬೇಕು; ಮಗನನ್ನು ಕಳೆದುಕೊಂಡ ತಾಯಿ ನಿಮ್ಮ ಮೂರನೇ ಅಂಶದವರೆಗೆ ಕಾಯಲಾರಳು. ವಾಕ್ಯ ಕೇಳುವವರನ್ನೇ ಗುರಿಯಿಟ್ಟಿದ್ದರೆ ಉತ್ತರವನ್ನು ತಡೆಹಿಡಿಯಿರಿ. ದ್ರಾಕ್ಷೇತೋಟದ ಕತೆಯಲ್ಲಿ ಯಜಮಾನ ಕೊನೆಗೆ ಬಂದವರಿಗೆ ಮೊದಲು ಕೂಲಿ ಕೊಡಿಸುತ್ತಾನೆ, ಮೊದಲು ಬಂದವರು ಸಾಲಿನ ಹಿಂದೆ ನಿಂತು ಅದನ್ನು ನೋಡಲೇಬೇಕು. ಹಾಗೆ ಕಟ್ಟಿದ ಕತೆಗೆ ಮುಂಚೆಯೇ "ಇದು ಕೃಪೆಯ ಕುರಿತ ಸಾಮ್ಯ" ಎಂದು ಹೇಳಿಬಿಟ್ಟರೆ ಗಾಳಿ ಬಿಟ್ಟ ಚೆಂಡನ್ನು ಆಟಕ್ಕೆ ಕೊಟ್ಟ ಹಾಗೆ.

ಇನ್ನು "ಮೂರು ಅಂಶ" ಎಂಬ ನಮ್ಮ ಹಳೇ ಚಟ. ಕರೆ, ಕೆಲಸ, ಕೂಲಿ: ಪ್ರಾಸ ಕೂಡಿದ ಕೂಡಲೇ ಪ್ರಸಂಗ ಮುಗಿಯಿತು ಅನ್ನಿಸುತ್ತದೆ. ಜಾಬ್ಸ್ ಕೂಡ 2007ರ ಜನವರಿ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೂರು ಎಂದೇ ಶುರುಮಾಡಿದ್ದು. ಒಂದು ಐಪಾಡ್, ಒಂದು ಫೋನ್, ಒಂದು ಇಂಟರ್ನೆಟ್ ಸಾಧನ. ಮತ್ತೆ ಮತ್ತೆ ಅದನ್ನೇ ಹೇಳಿದರು. ಇವು ಮೂರಲ್ಲ, ಒಂದೇ ಸಾಧನ ಎಂದು ಜನಕ್ಕೆ ಹೊಳೆಯುವವರೆಗೆ ಹೇಳಿದರು, ಅದು ಐಫೋನ್. ನಿಮ್ಮ ಮೂರು ಅಂಶ ಕೊನೆಗೆ ಹಾಗೆ ಒಂದಾಗದಿದ್ದರೆ ನೀವು ಮಾಡುತ್ತಿರುವುದು ಮೂರು ಪ್ರಸಂಗ. ಎರಡನ್ನು ಮುಂದಿನ ತಿಂಗಳಿಗೆ ಎತ್ತಿಡಿ.

ಗುರುವಾರ: ಬಾಯಿಗೆ ಬರೆಯುವುದು, ಕತ್ತರಿ ಹಾಕುವುದು

ಕಂಪನಿಗಳಲ್ಲಿ ಸಿನರ್ಜಿ, ಲೆವರೇಜ್ ಅಂತ ಮಾತಾಡುವವರನ್ನು ಕಂಡರೆ ನಗು ಬರುತ್ತದಲ್ಲವೇ? ನಮ್ಮ ನೀತೀಕರಣ, ಪವಿತ್ರೀಕರಣ, ವಿಮೋಚನೆ ಮೊದಲ ಸಲ ಬಂದವರ ಕಿವಿಗೆ ಹಾಗೇ ಕೇಳಿಸುತ್ತವೆ. ಅವನ್ನು ಬಿಡಿ ಅನ್ನುತ್ತಿಲ್ಲ, ಅವು ನಮ್ಮ ಆಸ್ತಿ. ಆದರೆ ಆ ಪದ ಬಂದ ಬೆನ್ನಿಗೆ ಅದನ್ನು ಮನೆಮಾತಿನಲ್ಲಿ ಬಿಚ್ಚಿ ಹೇಳಿ. ಎಜ್ರನ ಕಾಲದಲ್ಲೂ ಅದನ್ನೇ ಮಾಡಿದರು: ನೆಹೆಮೀಯ 8ರಲ್ಲಿ ಜನರ ಮುಂದೆ ಧರ್ಮಶಾಸ್ತ್ರ ಓದಿ, ಓದಿದ್ದು ಜನಕ್ಕೆ ತಿಳಿಯುವಂತೆ ದೇವಾಲಯದ ಸೇವಕರಾದ ಲೇವಿಯರು ಅರ್ಥ ಹೇಳಿದರು. ಅದಕ್ಕೆಂದೇ ಮರದ ಪೀಠವನ್ನೂ ಮಾಡಿಸಿದ್ದರು.

ಪೀಠ ಹತ್ತಿದೊಡನೆ ಧ್ವನಿಯೂ ಭಾಷೆಯೂ ಬದಲಾಗುವುದು ಇನ್ನೊಂದು ಕಾಯಿಲೆ. ಮನೆಯಲ್ಲಿ "ಯಾಕಂದ್ರೆ" ಅನ್ನುವವರು ಅಲ್ಲಿ "ಏಕೆಂದರೆ ಪ್ರಿಯರೇ" ಆಗಿಬಿಡುತ್ತಾರೆ. ಓದುವಾಗ ಸತ್ಯವೇದದ ಕನ್ನಡ ಹಾಗೇ ಇರಲಿ, ಅದರ ಗತ್ತೇ ಬೇರೆ. ಮಾತಾಡುವಾಗ ನಿಮ್ಮ ಕನ್ನಡ ಬರಲಿ. ಬರೆದದ್ದನ್ನು ಗಟ್ಟಿಯಾಗಿ ಓದಿ, ನಾಲಿಗೆ ತೊಡರಿದ ಕಡೆಯೆಲ್ಲ ಅಡಿಗೆರೆ ಎಳೆಯಿರಿ, ಅಲ್ಲಿ ವಾಕ್ಯ ಒಡೆಯಿರಿ.

ಈಗ ಅಳತೆ. ಹೊಸ ವಿಚಾರಗಳ ಭಾಷಣಕ್ಕೆ ಹೆಸರಾದ ಟೆಡ್ ವೇದಿಕೆಯಲ್ಲಿ ಎಂಥ ದೊಡ್ಡ ವಿಜ್ಞಾನಿಗೂ 18 ನಿಮಿಷ. ಪೋಪ್ ಫ್ರಾನ್ಸಿಸ್ 2024ರ ಜೂನ್‌ನಲ್ಲಿ ಕಥೋಲಿಕ ಪಾದ್ರಿಗಳಿಗೆ ಇನ್ನೂ ಬಿಗಿ ಮಾಡಿದರು: ಪ್ರಬೋಧನೆಯಲ್ಲಿ, ಅಂದರೆ ಅವರ ಪ್ರಸಂಗದಲ್ಲಿ, ಒಂದು ಚಿತ್ರ, ಒಂದು ಯೋಚನೆ, ಒಂದು ಭಾವ ಇರಲಿ, ಎಂಟು ನಿಮಿಷ ದಾಟಬೇಡಿ, ದಾಟಿದರೆ ಜನ ನಿದ್ದೆ ಹೋಗುತ್ತಾರೆ, ಅವರದು ಸರಿಯೇ. ನಮ್ಮ ಸಭೆಗಳಲ್ಲಿ ಎಂಟು ನಿಮಿಷಕ್ಕೆ ಮುಗಿಸಿದರೆ ಹಿರಿಯರು ಮೈ ಹುಷಾರಿಲ್ಲವಾ ಅಂತ ಕೇಳುತ್ತಾರೆ. ಆದರೂ ನಲವತ್ತೈದು ನಿಮಿಷ ಎಳೆದು ಅದಕ್ಕೆ ಅಪೊಸ್ತಲ ಪೌಲನ ಹೆಸರು ಹೇಳಬೇಡಿ. ತ್ರೋವ ಎಂಬ ಊರಿನಲ್ಲಿ ಪೌಲ ಮಧ್ಯರಾತ್ರಿಯವರೆಗೆ ಮಾತಾಡಿದಾಗ ಕಿಟಕಿಯಲ್ಲಿ ಕೂತ ಹುಡುಗ ನಿದ್ದೆಗೆ ಜಾರಿ ಮೂರನೇ ಅಂತಸ್ತಿನಿಂದ ಕೆಳಗೆ ಬಿದ್ದು ಸತ್ತ. ಪೌಲ ಅವನನ್ನು ಬದುಕಿಸಿ ಎಬ್ಬಿಸಿದ. ನಿಮ್ಮಿಂದ ಆಗುತ್ತದೆಯೇ?

ನಾನು ಇಪ್ಪತ್ತು ನಿಮಿಷಕ್ಕೆ ನಿಲ್ಲಿಸುತ್ತೇನೆ. ಒಂದು ಪುಟವನ್ನು ಮಾತಾಡುವ ಓಟದಲ್ಲಿ ಓದಿ ಗಡಿಯಾರ ನೋಡಿಕೊಂಡರೆ ನಿಮಗೆಷ್ಟು ಪುಟ ಬೇಕೆಂದು ಗೊತ್ತಾಗುತ್ತದೆ. ಮೊದಲು ಕತ್ತರಿಸಬೇಕಾದದ್ದು ನೀವು ಬಹಳ ಇಷ್ಟಪಟ್ಟು ಸೇರಿಸಿದ್ದನ್ನು: ಗ್ರೀಕ್ ಪದದ ಮೂಲ, ನಾಣ್ಯದ ತೂಕ, ಎರಡನೇ ದೃಷ್ಟಾಂತ, ವಾಟ್ಸಾಪ್‌ನಲ್ಲಿ ಬಂದ ಜೋಕು. ಆ ಜೋಕು ಸಭೆಯವರಿಗೂ ಬಂದಿರುತ್ತದೆ.

ಶುಕ್ರವಾರ: ಪರದೆ ಬೇಕೇ?

ಈಚೆಗೆ ಎಲ್ಲ ಸಭೆಯಲ್ಲೂ ಪ್ರೊಜೆಕ್ಟರ್ ಬಂದಿದೆ. ಹಾಡಿನ ಸಾಹಿತ್ಯಕ್ಕೆ ಒಳ್ಳೆಯದೇ. ಪ್ರಸಂಗಕ್ಕೆ ಬೇಕೋ ಬೇಡವೋ ಅನ್ನುವ ಮೊದಲು ನನ್ನ ಕತೆ ಕೇಳಿ.

ಒಮ್ಮೆ ಬೇರೆ ಊರಿನ ಸಭೆಗೆ ಕರೆದಿದ್ದರು. ಹದಿನೆಂಟು ಸ್ಲೈಡ್ ಮಾಡಿ ಪೆನ್‌ಡ್ರೈವ್‌ನಲ್ಲಿ ಒಯ್ದೆ. ಮನೆಯಲ್ಲಿ ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದೆ, ಅವರ ಲ್ಯಾಪ್‌ಟಾಪ್‌ನಲ್ಲಿ ಆ ಫಾಂಟ್ ಇರಲಿಲ್ಲ. "ಪರಲೋಕರಾಜ್ಯ" ಅಂತ ಬರಬೇಕಾದ ಕಡೆ ತಲೆಮೇಲೆ ಚುಕ್ಕಿ, ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳ ಗೊಜ್ಜು. ಮುಂದಿನ ಸ್ಲೈಡ್, ಅದರ ಮುಂದಿನದು, ಎಲ್ಲ ಹಾಗೇ. ಯೂತ್‌ನ ಹುಡುಗರು ನಾಲ್ಕೈದು ಜನ ಪರದೆ ಸುತ್ತ ಓಡಾಡಿದರು. ನಾನು ಹೇಳಿದ್ದು ಒಂದಕ್ಷರ ಯಾರಿಗೂ ಕೇಳಿಸಿರಲಿಕ್ಕಿಲ್ಲ. ಸ್ಲೈಡ್ ಮಾಡಲೇಬೇಕೆಂದಿದ್ದರೆ ಎಲ್ಲ ಕಂಪ್ಯೂಟರಿಗೂ ಹೊಂದುವ ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ಪಿಡಿಎಫ್ ಮಾಡಿ ಒಯ್ಯಿರಿ. ಅರ್ಧ ಗಂಟೆ ಮೊದಲೇ ಹೋಗಿ ಕೊನೆಯ ಬೆಂಚಿನಿಂದ ಓದಿ ನೋಡಿ.

ಮಾತು ಬಲ್ಲ ವ್ಯಾಪಾರಿಗಳೇ ಸ್ಲೈಡ್ ಕಡಿಮೆ ಮಾಡುತ್ತಿದ್ದಾರೆ. ಹೊಸ ಕಂಪನಿಗಳಿಗೆ ಬಂಡವಾಳ ಹಾಕುತ್ತಿದ್ದ ಗೈ ಕವಾಸಾಕಿಯ ಸೂತ್ರ ಪ್ರಸಿದ್ಧ: 10 ಸ್ಲೈಡ್, 20 ನಿಮಿಷ, ಅಕ್ಷರ 30 ಪಾಯಿಂಟ್‌ಗಿಂತ ಚಿಕ್ಕದು ಬೇಡ. ಅಮೆಜಾನ್‌ನ ಜೆಫ್ ಬೆಜೋಸ್ 2004ರಲ್ಲಿ ಹಿರಿಯರ ಮೀಟಿಂಗ್‌ಗಳಿಂದ ಪವರ್‌ಪಾಯಿಂಟನ್ನೇ ಓಡಿಸಿ, ಪೂರ್ತಿ ವಾಕ್ಯಗಳಲ್ಲಿ ಬರೆದ ಟಿಪ್ಪಣಿಯನ್ನು ಎಲ್ಲರೂ ಮೌನವಾಗಿ ಓದುವ ಪದ್ಧತಿ ತಂದರು.

ಪರದೆಗಿಂತ ಕೈಯಲ್ಲಿ ಹಿಡಿದ ಒಂದು ವಸ್ತು ಮೇಲು. 2008ರಲ್ಲಿ ಜಾಬ್ಸ್ ಹೊಸ ಲ್ಯಾಪ್‌ಟಾಪ್ ಎಷ್ಟು ತೆಳ್ಳಗಿದೆ ಎಂದು ಮಿಲಿಮೀಟರ್ ಹೇಳಿ ಸುಮ್ಮನಾಗಲಿಲ್ಲ, ಆಫೀಸಿನ ಕಾಗದ ಹಾಕುವ ಲಕೋಟೆಯೊಳಗಿಂದ ಅದನ್ನು ಹೊರತೆಗೆದರು. ದ್ರಾಕ್ಷೇತೋಟದ ಪ್ರಸಂಗಕ್ಕೆ ನಾನು ಒಯ್ದಿದ್ದು ಒಂದು ಸ್ಟೀಲಿನ ಟಿಫಿನ್ ಡಬ್ಬಿ, ಮುಚ್ಚಳ ಸ್ವಲ್ಪ ಜಜ್ಜಿಹೋದದ್ದು. ವಸ್ತು ಒಂದೇ ಇರಲಿ, ಸಮಯ ಬರುವವರೆಗೆ ಪೀಠದೊಳಗೆ ಇರಲಿ. ಮೊದಲೇ ಕಂಡರೆ ಅದರೊಳಗೆ ಏನಿದೆಯೋ ಅಂತ ಮಕ್ಕಳ ಕಣ್ಣು ಅಲ್ಲೇ.

ಶನಿವಾರ: ನಿಂತು, ಗಟ್ಟಿಯಾಗಿ

ಕಂಪನಿಯಲ್ಲಿ ದೊಡ್ಡ ಮೀಟಿಂಗಿಗೆ ಮೊದಲು ಖಾಲಿ ಹಾಲ್‌ನಲ್ಲಿ ಪೂರ್ತಿ ಮಾತಾಡಿಸುತ್ತಾರೆ. ಪ್ರಸಂಗಕ್ಕೆ ಹಾಗೆ ಮಾಡಿದರೆ ನಾಟಕ ಅನ್ನಿಸುತ್ತದೆ, ಆತ್ಮ ನಡೆಸುವುದಕ್ಕೆ ಬಿಡಬೇಕು ಅನ್ನುವವರಿದ್ದಾರೆ. ಅವರಿಗೆ ಅಮೆರಿಕದ ಕರಿಯರ ಹಕ್ಕಿಗಾಗಿ ಹೋರಾಡಿದ ಪಾದ್ರಿ ಮಾರ್ಟಿನ್ ಲೂಥರ್ ಕಿಂಗ್‌ರನ್ನು ನೆನಪಿಸುತ್ತೇನೆ. 1963ರ ಆಗಸ್ಟ್ 28ರಂದು ವಾಷಿಂಗ್ಟನ್‌ನಲ್ಲಿ ಅವರು ಬರೆದು ತಂದ ಹಾಳೆ ಬಿಟ್ಟು "ನನಗೊಂದು ಕನಸಿದೆ" ಎಂಬ ಮಾತಿಗೆ ಹೊರಳಿದರು. ಹತ್ತಿರವೇ ಇದ್ದ ಗಾಯಕಿ ಮಹಾಲಿಯಾ ಜಾಕ್ಸನ್ ಕನಸಿನ ಬಗ್ಗೆ ಹೇಳು ಎಂದು ಕೂಗಿದ್ದರಂತೆ. ಆ ಸಾಲುಗಳನ್ನು ಅವರು ಅದೇ ವರ್ಷ ಜೂನ್‌ನಲ್ಲಿ ಡೆಟ್ರಾಯಿಟ್‌ನಲ್ಲೂ ಆಡಿದ್ದರು. ನಾಲಿಗೆಯಲ್ಲಿ ಮೊದಲೇ ಇದ್ದದ್ದಕ್ಕೇ ಆ ಗಳಿಗೆಗೆ ಒದಗಿತು.

ನಿಂತುಕೊಂಡು ಪೂರ್ತಿ ಮಾಡಿ, ಫೋನಿನಲ್ಲಿ ರೆಕಾರ್ಡ್ ಮಾಡಿ. ಸ್ವಲ್ಪ ಹೊತ್ತು ಬಿಟ್ಟು ಕೇಳುವಾಗ ಮೈ ಹಿಂಡಿದಂತಾಗುತ್ತದೆ, ಆದರೂ ಕೇಳಿ. ನನ್ನ ಮೊದಲ ರೆಕಾರ್ಡಿಂಗಿನಲ್ಲಿ ಐದು ನಿಮಿಷದೊಳಗೆ "ಅಂದ್ರೆ" ಇಪ್ಪತ್ತಕ್ಕೂ ಹೆಚ್ಚು ಸಲ ಇತ್ತು. ಆಮೇಲೆ ಮನೆಯವರಿಗೆ ಹೇಳಿ ತೋರಿಸಿ. ನನ್ನ ಹೆಂಡತಿ ಸೊಪ್ಪು ಬಿಡಿಸುತ್ತಾ ಕೇಳಿ, "ಎಲ್ಲಾ ಸರಿ ರೀ, ಬೆಳಗ್ಗೆ ಬಂದವರಿಗೆ ಏನ್ ಹೇಳ್ತೀರಾ? ಅವರೂ ಪಾಪ ಅಲ್ವಾ?" ಅಂದಳು. ಆ ರಾತ್ರಿ ಅರ್ಧ ಪುಟ ಬದಲಾಯಿತು.

ಜಾಗವನ್ನೂ ಪರೀಕ್ಷಿಸಿ. 1857ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ಇಪ್ಪತ್ತು ಸಾವಿರಕ್ಕೂ ಮಿಕ್ಕ ಜನಕ್ಕೆ ಮೈಕ್ ಇಲ್ಲದೆ ಬೋಧಿಸಬೇಕಿದ್ದ ಹೆಸರಾಂತ ಪ್ರಸಂಗಿ ಸ್ಪರ್ಜನ್, ಮುಂಚೆಯೇ ಹೋಗಿ ಖಾಲಿ ಕಟ್ಟಡದಲ್ಲಿ ದೇವರ ಕುರಿಮರಿಯ ವಚನವನ್ನು ಕೂಗಿ ಧ್ವನಿ ಹೇಗೆ ಹರಡುತ್ತದೆಂದು ನೋಡಿದ್ದರು. ಮೇಲೆಲ್ಲೋ ಕೆಲಸ ಮಾಡುತ್ತಿದ್ದ ಒಬ್ಬ ಆಳು ಅದನ್ನು ಕೇಳಿ ಮನಸ್ಸು ತಿರುಗಿಸಿಕೊಂಡ ಎಂದು ಆಮೇಲೆ ತಿಳಿಯಿತಂತೆ. ನಾವು ಮೈಕ್ ಮುಂದೆ "ಹಲೋ ಹಲೋ, ಒನ್ ಟು ತ್ರೀ" ಅನ್ನುತ್ತೇವೆ. ಒಂದು ವಚನ ಹೇಳಿದರೆ ತಪ್ಪೇನು?

ಭಾನುವಾರ: ಮೊದಲ ನಿಮಿಷ, ಕೊನೆಯ ನಿಮಿಷ

ಪೀಠಕ್ಕೆ ಬಂದು, ಸಭಾಪಾಲಕರಿಗೆ ವಂದಿಸಿ, ಹಿರಿಯರಿಗೆ ವಂದಿಸಿ, ಅವಕಾಶ ಕೊಟ್ಟ ಕಮಿಟಿಗೆ ವಂದಿಸಿ, ನಾನು ಅಯೋಗ್ಯ ಎಂದು ಹೇಳಿ, ಸಮಯ ಕಡಿಮೆ ಇದೆ ಎಂದು ಹೇಳಿ, ಅಷ್ಟರಲ್ಲಿ ನಾಲ್ಕು ನಿಮಿಷ ಹೋಯಿತು. ಜನ ಅತಿ ಹೆಚ್ಚು ಎಚ್ಚರ ಇರುವ ನಾಲ್ಕು ನಿಮಿಷ ಅವು. ಒಂದು ಸಾಲಿನ ವಂದನೆ ಸಾಕು. ಆಮೇಲೆ ಸುಮ್ಮನೆ ನಿಲ್ಲಿ, ಮೂರು ಉಸಿರಿನಷ್ಟು. ಮೊದಲ ಸಲ ಅದು ಮೂರು ಗಂಟೆಯಷ್ಟು ಉದ್ದ ಅನ್ನಿಸುತ್ತದೆ. ನಾನು ಶುರುಮಾಡಿದ್ದು ಹೀಗೆ: "ಇವತ್ತು ಬೆಳಗ್ಗೆ ಇಲ್ಲಿಗೆ ಬರುವಾಗ ನಮ್ಮ ಸರ್ಕಲ್‌ನಲ್ಲಿ ಹನ್ನೊಂದು ಜನ ಕೂಲಿಗೆ ಕಾಯುತ್ತಾ ನಿಂತಿದ್ದರು. ಎಣಿಸಿದೆ."

ಧ್ವನಿ ಏರಿಸಬೇಕೆಂಬ ಹಟ ಬೇಡ. 2023ರ ಜನವರಿಯಲ್ಲಿ ತೀರಿಕೊಂಡ ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರ ಪ್ರವಚನ ಕೇಳಿದವರಿಗೆ ಗೊತ್ತು: ಮೆಲುದನಿ, ಅವಸರವಿಲ್ಲದ ಮಾತು, ಎದುರಿಗೆ ಸಾವಿರಾರು ಜನ, ಸೂಜಿ ಬಿದ್ದರೂ ಕೇಳುವಷ್ಟು ನಿಶ್ಶಬ್ದ. ಯಾವ ಕಂಪನಿಯ ತರಬೇತಿಯಲ್ಲೂ ಅದನ್ನು ಹೇಳಿಕೊಡುವುದಿಲ್ಲ.

ಕೊನೆಯ ನಿಮಿಷ ಮಾತ್ರ ನಿಜಕ್ಕೂ ಸೇಲ್ಸ್‌ನವರಿಂದಲೇ ಕಲಿಯಬೇಕು. ಅವರು ಮುಂದೇನು ಎಂದು ಹೇಳದೆ ಮೀಟಿಂಗ್ ಬಿಡುವುದಿಲ್ಲ. ಎಷ್ಟು ಪೀಸ್, ಯಾವ ತಾರೀಕು. ನಾವು "ಆದ್ದರಿಂದ ನಾವೆಲ್ಲರೂ ಕೃಪೆಯಲ್ಲಿ ಬೆಳೆಯೋಣ" ಎಂದು ಅಡ್ಡಗೋಡೆ ಮೇಲೆ ದೀಪ ಇಟ್ಟು ಇಳಿಯುತ್ತೇವೆ. ಈ ವಾರ ಮಾಡಬಹುದಾದ ಒಂದು ಕೆಲಸ ಹೇಳಿ. ನಾನು ಹೇಳಿದ್ದು: "ಈ ತಿಂಗಳು ಮನೆಕೆಲಸದವರು ಹುಷಾರಿಲ್ಲದೆ ರಜೆ ಹಾಕಿದ್ದರೆ, ಆ ದಿನದ ದುಡ್ಡು ಹಿಡಿಯುವ ಮೊದಲು ಅವರ ಮನೆಯಲ್ಲಿ ಎಷ್ಟು ಜನ ಉಣ್ಣುತ್ತಾರೆ ಅಂತ ಕೇಳಿ." ಹಿಂದಿನ ಸಾಲುಗಳಲ್ಲಿ ಕುರ್ಚಿ ಎಳೆದ ಸದ್ದಾಯಿತು. ನಾಟಿತು ಅಂದುಕೊಂಡೆ.

ಇಲ್ಲೇ ಒಂದು ಗೆರೆ ಎಳೆಯಬೇಕು. ಗಿರಾಕಿ ಅಂಗಡಿ ಬಿಟ್ಟು ಹೋಗುವ ಮೊದಲು ಸಹಿ ಹಾಕಿಸಿಕೊಳ್ಳುವ ಕಲೆ ನನಗೂ ಗೊತ್ತು. "ಇವತ್ತೇ ಕೊನೇ ದಿನ" ಅನ್ನುವುದು, ಪಕ್ಕದೂರಿನವನು ಆಗಲೇ ತಗೊಂಡ ಅನ್ನುವುದು, ಚಿಕ್ಕ ಲಾಭವನ್ನು ದೊಡ್ಡ ಸಾಕ್ಷಿ ಮಾಡಿ ಹೇಳಿಸುವುದು. ಕೀಬೋರ್ಡ್ ಮೆಲ್ಲಗೆ ನುಡಿಸುತ್ತಾ, ಲೈಟ್ ಮಂಕು ಮಾಡಿ, ಕೈ ಎತ್ತುವವರೆಗೆ ಬಿಡದೆ ಕರೆಯುವುದು ಅದೇ ಜಾತಿಯದು. ವಾಸಿಯಾಗದ ಕಾಯಿಲೆಯನ್ನು ವಾಸಿಯಾಯಿತೆಂದು ಸಾಕ್ಷಿ ಹೇಳಿಸುವುದಂತೂ ನಮ್ಮ ಧಂದೆಯಲ್ಲೂ ಮೋಸ. ಪೌಲ 2 ಕೊರಿಂಥ 2ರಲ್ಲಿ ದೇವರ ವಾಕ್ಯವನ್ನು ಚಿಲ್ಲರೆ ವ್ಯಾಪಾರಕ್ಕೆ ಇಳಿಸುವವರ ಹಾಗೆ ನಾವಲ್ಲ ಅನ್ನುವಾಗ ಬಳಸಿದ ಗ್ರೀಕ್ ಪದಕ್ಕೆ ನೀರು ಬೆರೆಸಿ ದ್ರಾಕ್ಷಾರಸ ಮಾರುವ ಅಂಗಡಿಯವನ ವಾಸನೆ ಇದೆ. ಗ್ರೀಕ್ ಬೇಡ ಅಂದವನೇ ಗ್ರೀಕ್ ಎಳೆದು ತಂದಿದ್ದೇನೆ, ಕ್ಷಮಿಸಿ. ಪಂಪ್ ಮಾರುವವನಿಗೆ ಪಂಪ್ ಬೇಕಾಗಿಲ್ಲ, ಅವನು ಬರೀ ಮಾರುತ್ತಾನೆ. ಪ್ರಸಂಗಿ ತಾನು ಹೇಳುವ ಮಾತಿನ ಕೆಳಗೆ ಮೊದಲು ತಾನೇ ಕೂತಿರಬೇಕು. ಮನೆಕೆಲಸದವರ ಮಾತನ್ನು ಸಭೆಗೆ ಹೇಳುವ ಮೊದಲು ನಾನು ನಮ್ಮ ಮನೆಯ ಹಳೇ ಲೆಕ್ಕ ತೆಗೆದು ನೋಡಬೇಕಾಯಿತು. ಎರಡು ದಿನದ್ದು ಹಿಡಿದಿದ್ದೆವು, ಕೊಟ್ಟೆವು.

ಆರಾಧನೆ ಮುಗಿದ ಮೇಲೆ

ಬಾಗಿಲಲ್ಲಿ ಕೈ ಕುಲುಕುವಾಗ "ಹೇಗಿತ್ತು?" ಅಂತ ಕೇಳಬೇಡಿ. "ಚೆನ್ನಾಗಿತ್ತು ಬ್ರದರ್" ಅನ್ನುತ್ತಾರೆ, ಎಂಜಿನಿಯರಿಗೂ ಡೀಲರ್‌ಗಳು ಅದನ್ನೇ ಅಂದಿದ್ದರು. ಒಬ್ಬಿಬ್ಬರನ್ನು ವಾರದ ಮಧ್ಯೆ ಹಿಡಿದು, "ಭಾನುವಾರ ನಾನೇನು ಹೇಳಿದೆ?" ಅಂತ ಕೇಳಿ. ಅವರು ಹೇಳಿದ್ದನ್ನು ನೀವು ಮಂಗಳವಾರ ಬರೆದ ಸಾಲಿನ ಪಕ್ಕ ಇಟ್ಟು ನೋಡಿ. ಎರಡೂ ಬೇರೆ ಬೇರೆ ಇದ್ದರೆ ಅವರನ್ನು ತಿದ್ದಲು ಹೋಗಬೇಡಿ, ಬರೆದುಕೊಳ್ಳಿ.

ಆ ಭಾನುವಾರ ಡಬ್ಬಿಯ ಮುಚ್ಚಳ ತೆಗೆದು ಜನಕ್ಕೆ ತೋರಿಸಿ, "ಐದು ಗಂಟೆಗೆ ಇದು ಹೀಗಿತ್ತು" ಅಂದಿದ್ದೆ ಅಷ್ಟೇ, ವಿವರಿಸಿರಲಿಲ್ಲ. ಗುರುವಾರ ಸಂಜೆ ಗಾರ್ಮೆಂಟ್ಸ್‌ನ ಅಕ್ಕ ಬಸ್‌ಸ್ಟಾಪಿನಲ್ಲಿ ಸಿಕ್ಕರು. ಏನು ನೆನಪಿದೆ ಅಂತ ಕೇಳಿದೆ. ಸ್ವಲ್ಪ ಯೋಚಿಸಿ, "ಆ ಡಬ್ಬಿ ಖಾಲಿ ಇತ್ತಲ್ಲ ಅಣ್ಣ. ಮಧ್ಯಾಹ್ನ ತಿಂದು ಖಾಲಿಯಾಗಿದ್ದಾ, ಇಲ್ಲಾ ಬೆಳಗ್ಗೆ ಮನೆಯಿಂದಾನೇ ಖಾಲಿ ತಂದಿದ್ದಾ?" ಅಂದರು.

ನಾನು ಅದನ್ನು ಯೋಚಿಸಿರಲಿಲ್ಲ. ಅವರ ಬಸ್ ಬಂತು.